ಸೀಲ್ ಮಾಡಿದ ಕರ್ತನ ಭೋಜನದ ಕಪ್: ಎಲ್ಲಿಗೆ ಸರಿ, ಎಲ್ಲಿಗೆ ಬೇಡ

ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಕಪ್, ಎರಡು ಮುಚ್ಚಳ. ಮೇಲಿನ ತೆಳು ಹಾಳೆಯ ಕೆಳಗೆ ನಾಣ್ಯದಗಲದ ರೊಟ್ಟಿ ಬಿಲ್ಲೆ, ಅದರಡಿಯ ಫಾಯಿಲಿನೊಳಗೆ ಒಂದು ಗುಟುಕು ದ್ರಾಕ್ಷಿ ರಸ. ಯೇಸುವಿನ ನೆನಪಿಗೆ ಕ್ರೈಸ್ತರು ರೊಟ್ಟಿ, ದ್ರಾಕ್ಷಿ ರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಕೋವಿಡ್ ಕಾಲದಲ್ಲಿ ಬಹಳ ಸಭೆಗಳು (ಚರ್ಚುಗಳು) ಇದನ್ನು ಹಿಡಿದವು. ಕೆಲವು ಇನ್ನೂ ಬಿಟ್ಟಿಲ್ಲ.

ತೊಂದರೆ ಶುರುವಾಗುವುದೇ ಮುಚ್ಚಳದಲ್ಲಿ. ಎರಡೂ ಹಾಳೆಗಳ ತುದಿ ಒಂದರ ಮೇಲೊಂದು ಕೂತಿರುವುದರಿಂದ ವಯಸ್ಸಾದವರ ಬೆರಳಿಗೆ ಎರಡೂ ಒಟ್ಟಿಗೇ ಸಿಗುತ್ತವೆ, ಎಳೆದರೆ ರಸವೆಲ್ಲ ಬಿಳಿ ಸೀರೆಯ ಮೇಲೆ. ಮೊದಲು ಉಗುರಿನಿಂದ ತುದಿ ಬಿಡಿಸಿಕೊಳ್ಳಬೇಕು. ಕಪ್ಪಿನ ಹೊಟ್ಟೆ ಹಿಚುಕದೆ ಅಂಚಿನಲ್ಲಿ ಹಿಡಿದು, ಫಾಯಿಲನ್ನು ಮೇಲಕ್ಕಲ್ಲ, ಅಡ್ಡಕ್ಕೆ ನಿಧಾನವಾಗಿ ಎಳೆಯಬೇಕು. ನೂರು ಜನ ಒಮ್ಮೆಲೇ ಎಳೆದರೆ ಏಳುವ ಚರಚರ ಸದ್ದಿನಲ್ಲಿ ಪ್ರಾರ್ಥನೆ ಕೇಳುವುದಿಲ್ಲ. ಸಭಾಪಾಲಕರು ಮೇಲಿನ ಹಾಳೆಯನ್ನು ಮೊದಲೇ ತೆಗೆಸಿಬಿಡುವುದು ಮೇಲು. ಬಿಲ್ಲೆಗೆ ರುಚಿಯಿಲ್ಲ, ಅಂಗುಳಿಗೆ ಅಂಟುತ್ತದೆ. ಫಾಯಿಲ್ ಉಬ್ಬಿದ್ದರೆ ಒಳಗೆ ರಸ ಹುಳಿತಿದೆ ಎಂದರ್ಥ, ಎಸೆಯಿರಿ. ಅವಧಿ ಮುಗಿದ ಪೆಟ್ಟಿಗೆಯನ್ನು ಹೇಗೋ ಖಾಲಿ ಮಾಡಲು ನೋಡುವವರು ಬೈಬಲಿನ ಮಲಾಕಿಯ 1:8 ಓದಲಿ. ದೇವರಿಗೆ ಅರ್ಪಿಸುವ ಕುಂಟು ಪಶುವನ್ನು ನಿನ್ನ ಅಧಿಪತಿಗೆ ಕೊಟ್ಟು ನೋಡು, ಮೆಚ್ಚುತ್ತಾನೋ ಎಂಬ ಪ್ರಶ್ನೆ ಅಲ್ಲಿದೆ.

ದೊಡ್ಡ ತಕರಾರು ಬೇರೆ. ರೊಟ್ಟಿ ಒಂದೇ, ಆದ್ದರಿಂದ ಅನೇಕರಾದ ನಾವು ಒಂದೇ ದೇಹ ಎನ್ನುತ್ತದೆ 1 ಕೊರಿಂಥ 10:17. ಬಾಗಿಲಲ್ಲಿಟ್ಟ ಬುಟ್ಟಿಯಿಂದ ತನ್ನ ಕಪ್ ಎತ್ತಿಕೊಂಡು ಕೂತವನಿಗೆ ಯಾರೂ ಮುರಿದು ಕೊಡಲಿಲ್ಲ, ಅವನೂ ಯಾರಿಗೂ ದಾಟಿಸಲಿಲ್ಲ. ಆ ಪತ್ರ ಬರೆದ ಪೌಲ ಮುಂದಿನ ಅಧ್ಯಾಯದಲ್ಲಿ ಗದರಿದ್ದೂ ಅವರವರ ಊಟ ಅವರವರೇ ಉಂಡದ್ದಕ್ಕೆ. 'ಸುಲಭ' ಎಂಬ ಕಾರಣವೂ ಹೊಸದಲ್ಲ. ಆರಾಧನೆಗೆ ಜೆರೂಸಲೇಮಿಗೆ ಹೋಗುವ ಕಷ್ಟ ನಿಮಗೇಕೆ ಎಂದು ಇಸ್ರಾಯೇಲಿನ ಅರಸ ಯಾರೊಬ್ಬಾಮ ಬೇತೇಲಿನಲ್ಲೂ ದಾನಿನಲ್ಲೂ ಚಿನ್ನದ ಕರು ನಿಲ್ಲಿಸಿದ, ಎಂಟನೇ ತಿಂಗಳ 15ನೇ ದಿನಕ್ಕೆ ಹಬ್ಬವನ್ನೂ ತಾನೇ ಗೊತ್ತುಮಾಡಿದ (1 ಅರಸು 12). ಕಪ್ಪನ್ನು ಕರುವಿಗೆ ಹೋಲಿಸುವುದು ಅತಿಯಾಯಿತು, ಒಪ್ಪೋಣ. ಆದರೂ ಅನುಕೂಲಕ್ಕೆ ಮಾಡಿಕೊಂಡದ್ದು ಒಂದೆರಡು ವರ್ಷದಲ್ಲಿ ಪದ್ಧತಿಯಾಗಿ ಕೂರುವುದು ಹೀಗೆಯೇ. ಹಾಗೆಂದು ಒಂದೇ ರೊಟ್ಟಿ ಮುರಿದ ಮಾತ್ರಕ್ಕೆ ಆರಾಧನೆ ಯಥಾರ್ಥವಾಗದು. ಪಕ್ಕದ ಬೆಂಚಿನವನೊಡನೆ ಮಾತು ಬಿಟ್ಟವನು ಮೊದಲು ಎದ್ದು ಹೋಗಬೇಕಾದದ್ದು ಅವನ ಬಳಿಗೆ.

ಬದಲಿ ವ್ಯವಸ್ಥೆ ಅಷ್ಟೇನೂ ಕಷ್ಟವಲ್ಲ. 80 ಜನಕ್ಕೆ ಚಿಕ್ಕ ಕಪ್ ಇಡುವ 40 ಕುಳಿಯ ಎರಡು ತಟ್ಟೆ, ಒಂದು ದೊಡ್ಡ ರೊಟ್ಟಿ, ಕಪ್ಪಿಗೆ 10 ಮಿ.ಲೀ. ಲೆಕ್ಕದಲ್ಲಿ 800 ಮಿ.ಲೀ. ರಸ. ಒಂದೂವರೆ ಕಿಲೋ ಬೆಂಗಳೂರು ನೀಲಿ ದ್ರಾಕ್ಷಿ ತೊಳೆದು, ಕಿವುಚಿ, ಒಲೆಯ ಮೇಲೆ ಬಿಸಿ ಮಾಡಿ, ಕುದಿ ಬರುವ ಮುಂಚೆ ಇಳಿಸಿ, ಬಟ್ಟೆಯಲ್ಲಿ ಸೋಸಿ, ಕುದಿನೀರಲ್ಲಿ ತೊಳೆದ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಶನಿವಾರ ಮಾಡಿದ್ದು ಭಾನುವಾರಕ್ಕೆ ಸರಿ. ಬಿಸಿ ಮಾಡದಿದ್ದರೆ ಸಿಪ್ಪೆಯ ಮೇಲಿನ ಯೀಸ್ಟ್ ರಸವನ್ನು ಹುಳಿಸುತ್ತದೆ. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ರಸವನ್ನು ಪಾಶ್ಚರೀಕರಿಸಿದ್ದೂ ಕರ್ತನ ಮೇಜಿಗಾಗಿಯೇ.

ಈ ಕಪ್ಪಿಗೆ ಜಾಗವಿಲ್ಲವೆಂದಲ್ಲ. ಆಸ್ಪತ್ರೆಗೆ, ಹಾಸಿಗೆ ಹಿಡಿದವರ ಮನೆಗೆ ಒಯ್ಯಲು ಇದಕ್ಕಿಂತ ಹಗುರವಾದದ್ದು ಸಿಗದು. ಆದರೆ ರೋಗಿಯ ಕೈಗೆ ಕೊಟ್ಟು ಸುಮ್ಮನಾಗಬೇಡಿ. ಹೋದವರೇ ಮುಚ್ಚಳ ಬಿಡಿಸಿ, ನುಂಗಲು ಕಷ್ಟವಿದ್ದರೆ ಬಿಲ್ಲೆಯ ಚೂರನ್ನು ರಸದಲ್ಲಿ ನೆನೆಸಿ ಕೊಡಿ, ಜೊತೆಗೆ ತಾವೂ ತೆಗೆದುಕೊಳ್ಳಿ.

ಈ ಕಪ್ಪಿಗೆ ಅಂಕ: ರೋಗಿಗಳ ಭೇಟಿಗೆ 5ಕ್ಕೆ 4. ಭಾನುವಾರದ ಸಭೆಗೆ 5ಕ್ಕೆ 1. ಕೊಳ್ಳುವುದಾದರೆ ಇರುವುದರಲ್ಲೇ ಚಿಕ್ಕ ಪೆಟ್ಟಿಗೆ ಸಾಕು.