ರಾಯಚೂರಿನ ಬಾಡಿಗೆ ಮನೆಗೆ ಯಾವ ಹಾಸಿಗೆ: ಹತ್ತಿ ಗಾದಿ, ತೆಂಗಿನ ನಾರು, ಮೆಮೊರಿ ಫೋಮ್

ಹಳ್ಳಿಯಿಂದ ರಾಯಚೂರಿಗೆ ನೌಕರಿಗೆ ಬಂದು ಮೊದಲ ಬಾರಿಗೆ ಸ್ವಂತವಾಗಿ ಮನೆ ಹಿಡಿಯುವವರು ಟಿವಿ, ಸೋಫಾಗಳಿಗಿಂತ ಮೊದಲು ಹಾಸಿಗೆಯ ಬಗ್ಗೆ ಯೋಚಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೃಷ್ಣಾ, ತುಂಗಭದ್ರೆಯರ ನಡುವಿನ ಈ ನೆಲದಲ್ಲಿ ಏಪ್ರಿಲ್, ಮೇ ತಿಂಗಳುಗಳ ಹಗಲಿನ ತಾಪಮಾನ 40 ಡಿಗ್ರಿ ದಾಟುವುದು ವಾಡಿಕೆ. ಕಡಿಮೆ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಮೇಲಂತಸ್ತಿನ ಮನೆ; ಅದರ ಆರ್‌ಸಿಸಿ ಛಾವಣಿ ಹಗಲೆಲ್ಲ ಹೀರಿಕೊಂಡ ಕಾವನ್ನು ನಡುರಾತ್ರಿಯವರೆಗೂ ಕೋಣೆಯೊಳಕ್ಕೆ ಬಿಡುತ್ತಲೇ ಇರುತ್ತದೆ. ಅಂಥ ಕೋಣೆಯಲ್ಲಿ ಬೆನ್ನಿನ ಕೆಳಗೆ ಏನಿದೆ ಎಂಬುದರ ಮೇಲೆ ಮರುದಿನದ ಕೆಲಸ ನಿಂತಿರುತ್ತದೆ.

ನಾನು ಹೋಲಿಸುತ್ತಿರುವ ಮೂರು ಹಾಸಿಗೆಗಳೂ ಆರು ಅಡಿ ಉದ್ದ, ಮೂರು ಅಡಿ ಅಗಲದವು. ಹತ್ತಿ ಗಾದಿಯನ್ನು ನಾನೇ ಹೊಲಿಸಿದೆ, ತೆಂಗಿನ ನಾರಿನದನ್ನು ಜೊತೆಗಿರಲು ಬಂದ ತಮ್ಮ ತಂದ, ಮೆಮೊರಿ ಫೋಮಿನದನ್ನು ಆನ್‌ಲೈನ್‌ನಲ್ಲಿ ತರಿಸಿದೆವು. ಮೂರನ್ನೂ ಒಂದೇ ಕೋಣೆಯಲ್ಲಿ, ಒಂದೇ ಕಬ್ಬಿಣದ ಮಂಚದ ಮೇಲೆ ಹಾಸಿ, ಬೇಸಿಗೆಯಲ್ಲಿಯೂ ಚಳಿಗಾಲದಲ್ಲಿಯೂ ಮಲಗಿ ನೋಡಿದ್ದೇನೆ.

ಗಾದಿಯಿಂದ ಆರಂಭಿಸುತ್ತೇನೆ, ಏಕೆಂದರೆ ರಾಯಚೂರು ಹತ್ತಿಯ ಊರು. ಸುಗ್ಗಿಯಲ್ಲಿ ಇಲ್ಲಿನ ಕೃಷಿ ಮಾರುಕಟ್ಟೆಗೆ ಹತ್ತಿ ಹೇರಿದ ವಾಹನಗಳು ಸಾಲುಗಟ್ಟಿ ಬರುತ್ತವೆ, ಬೀಜ ಬೇರ್ಪಡಿಸುವ ಜಿನ್ನಿಂಗ್ ಗಿರಣಿಗಳೂ ಇಲ್ಲಿಯೇ ಇವೆ. ಹೀಗಾಗಿ ಒಳ್ಳೆಯ ಅರಳೆಯನ್ನು ತೂಕದ ಲೆಕ್ಕದಲ್ಲಿ ಕೊಂಡು, ಕಣ್ಣೆದುರಿಗೇ ಹಿಂಜಿಸಿ, ಬೇಕಾದ ದಪ್ಪಕ್ಕೆ ಗಾದಿ ಹೊಲಿಸಿಕೊಳ್ಳುವ ಅನುಕೂಲ ಇಲ್ಲಿದೆ. ಒಬ್ಬರು ಮಲಗುವ ಗಾದಿಗೆ ಹತ್ತರಿಂದ ಹನ್ನೆರಡು ಕಿಲೋ ಅರಳೆ ಸಾಕು. ಹಿಂದೆ ಬಿಲ್ಲಿನಿಂದ ಹಿಂಜುತ್ತಿದ್ದ ಪಿಂಜಾರರು ಈಗ ಹೆಚ್ಚಾಗಿ ಯಂತ್ರವನ್ನೇ ಬಳಸುತ್ತಾರೆ, ಆದರೆ ಅರಳೆಯನ್ನು ಮೂಲೆಯಿಂದ ಮೂಲೆಗೆ ಸಮನಾಗಿ ಹರಡಿ, ಅದು ಸರಿಯದಂತೆ ನಡುನಡುವೆ ಹೊಲಿಗೆ ಹಾಕುವ ಕೆಲಸ ಇಂದಿಗೂ ಕೈಯದೇ. ಆ ಹೊಲಿಗೆಯ ಅಂತರ ಹೆಚ್ಚಾದರೆ ಅರಳೆ ಒಂದು ಕಡೆ ಗುಡ್ಡೆಯಾಗಿ ಇನ್ನೊಂದು ಕಡೆ ತೆಳುವಾಗುತ್ತದೆ. ಆದ್ದರಿಂದ ಹೊಲಿಸುವಾಗ ಪಕ್ಕದಲ್ಲಿ ನಿಂತು ನೋಡುವುದು ಒಳ್ಳೆಯದು.

ಸಿದ್ಧವಾಗಿ ಸಿಗುವ ಅಗ್ಗದ ಗಾದಿಗಳ ಬಗ್ಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಅರಳೆಯ ಬದಲು ಬಟ್ಟೆಯ ಚಿಂದಿಯನ್ನು ಹಿಂಜಿ ತುಂಬಿರುವುದುಂಟು. ಹೊಲಿಗೆಯ ಅಂಚನ್ನು ಸ್ವಲ್ಪ ಬಿಡಿಸಿ ನೋಡಿದರೆ ಒಳಗೆ ಬಣ್ಣಬಣ್ಣದ ಎಳೆಗಳು ಕಾಣುತ್ತವೆ. ಅಂಥ ಗಾದಿ ಬೇಗನೆ ಗಟ್ಟಿಯಾಗುತ್ತದೆ, ಮತ್ತೆ ಹಿಂಜಿಸಿದರೂ ಅರಳುವುದಿಲ್ಲ.

ಬೇಸಿಗೆಯ ರಾತ್ರಿಗಳಲ್ಲಿ ಈ ಮೂರರಲ್ಲಿ ಗಾದಿಯೇ ಮೇಲು. ಹತ್ತಿ ಬೆವರಿನ ತೇವವನ್ನು ಹೀರಿಕೊಂಡು ಬೆನ್ನನ್ನು ಒಣಗಿದಂತೆ ಇಡುತ್ತದೆ, ಮೈಯ ಸುತ್ತ ತಬ್ಬಿಕೊಳ್ಳುವುದಿಲ್ಲ. ಆದರೆ ಹೀರಿಕೊಂಡ ತೇವ ಎಲ್ಲಿಯೂ ಹೋಗಿರುವುದಿಲ್ಲ, ಅದನ್ನು ಬಿಸಿಲಿಗೆ ಹಾಕಿ ತೆಗೆಯಬೇಕು. ಮಾಳಿಗೆಯ ಮೇಲೆ ಒಂದು ಹಗಲು ಒಣಗಿದ ಗಾದಿ ಮತ್ತೆ ಉಬ್ಬಿ ಹಗುರವಾಗುತ್ತದೆ. ಈ ಚಾಕರಿಗೆ ಸಮಯವಿಲ್ಲದವರು, ಅಥವಾ ಮಾಳಿಗೆಯ ಬಾಗಿಲಿಗೆ ಮನೆಯೊಡೆಯರು ಬೀಗ ಹಾಕುವ ಮನೆಯಲ್ಲಿ ಇರುವವರು, ಗಾದಿಯಿಂದ ಪೂರ್ತಿ ಸುಖ ಪಡೆಯಲಾರರು. ಒಂದೆರಡು ವರ್ಷಕ್ಕೊಮ್ಮೆ ಹಿಂಜಿಸುವ ಖರ್ಚೂ ಇದೆ.

ತೆಂಗಿನ ನಾರಿಗೆ ರಬ್ಬರಿನ ಹಾಲು ಸಿಂಪಡಿಸಿ, ಒತ್ತಿ ತಯಾರಿಸುವ ಹಾಸಿಗೆ ಗಾದಿ ಮತ್ತು ಮೆಮೊರಿ ಫೋಮಿನ ನಡುವಿನದು. ನಾರಿನ ಸಂದುಗಳಲ್ಲಿ ಗಾಳಿ ಆಡುವುದರಿಂದ ಸೆಕೆ ಅಷ್ಟಾಗಿ ಕಾಡುವುದಿಲ್ಲ. ಮೇಲ್ಮೈ ಗಟ್ಟಿಯಾಗಿರುವುದರಿಂದ ದಿನವಿಡೀ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ತಮ್ಮನ ಬೆನ್ನಿಗೆ ಇದೇ ಒಗ್ಗಿತು. ಬಿಸಿಲಿಗೆ ಹಾಕುವ ಕೆಲಸವಿಲ್ಲ, ಹಿಂಜಿಸುವ ಮಾತಿಲ್ಲ. ವರ್ಷಗಳು ಕಳೆದಂತೆ ಸೊಂಟದ ಭಾಗ ತಗ್ಗುತ್ತದೆ, ತಲೆ ಕಾಲು ಅದಲು ಬದಲು ಮಾಡುತ್ತಿದ್ದರೆ ತಗ್ಗುವುದು ನಿಧಾನವಾಗುತ್ತದೆ. ಒಮ್ಮೆ ಕುಸಿದದ್ದನ್ನು ಮಾತ್ರ ಸರಿಪಡಿಸಲು ದಾರಿಯಿಲ್ಲ. ಇನ್ನೊಂದು ತೊಂದರೆ ಸಾಗಣೆಯದು. ಗಾದಿಯನ್ನು ಸುರುಳಿ ಸುತ್ತಿ ಹೆಗಲ ಮೇಲೆ ಒಯ್ಯಬಹುದು. ನಾರಿನ ಹಾಸಿಗೆ ಬಾಗುವುದಿಲ್ಲವಾದ್ದರಿಂದ ಕಿರಿದಾದ ಮೆಟ್ಟಿಲುಗಳ ತಿರುವಿನಲ್ಲಿ ಇಬ್ಬರು ಸೇರಿ ಏರಿಸಬೇಕಾಯಿತು.

ಮೆಮೊರಿ ಫೋಮ್ ಎಂಬುದು 1960ರ ದಶಕದಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಕ್ಕಾಗಿ, ಆಸನಗಳಲ್ಲಿ ಬಳಸಲೆಂದು ರೂಪುಗೊಂಡ ಪಾಲಿಯುರೆಥೇನ್. ಮೈಯ ಶಾಖಕ್ಕೆ ಮೆತ್ತಗಾಗಿ ಮೈಯ ಆಕಾರಕ್ಕೆ ತಗ್ಗುವುದು ಅದರ ಗುಣ, ಮತ್ತು ನಮ್ಮ ಊರಿನ ಮಟ್ಟಿಗೆ ಅದರ ದೋಷವೂ ಅದೇ. ಕಾದ ಕೋಣೆಯಲ್ಲಿ ಅದು ಮೊದಲೇ ಮೆತ್ತಗಾಗಿರುತ್ತದೆ. ಮೇಲೆ ಮಲಗಿದಾಗ ಇನ್ನಷ್ಟು ಆಳಕ್ಕೆ ಇಳಿದು, ಬೆನ್ನು ಮತ್ತು ಪಕ್ಕೆಗಳಿಗೆ ಗಾಳಿ ತಾಗದಂತೆ ಸುತ್ತುವರಿಯುತ್ತದೆ. ಮೇ ತಿಂಗಳಲ್ಲಿ ನಡುರಾತ್ರಿ ಎದ್ದು ನೆಲದ ಮೇಲೆ ಜಮಖಾನೆ ಹಾಸಿಕೊಂಡ ರಾತ್ರಿಗಳು ಹಲವು. ಡಿಸೆಂಬರ್, ಜನವರಿಯ ತಂಪಿನಲ್ಲಿ ಅದೇ ಹಾಸಿಗೆ ಹದವಾಗಿ ಗಟ್ಟಿಯಾಗಿದ್ದು, ಭುಜಕ್ಕೂ ಸೊಂಟಕ್ಕೂ ಬೇರೆ ಎರಡು ಹಾಸಿಗೆಗಳಲ್ಲಿ ಸಿಗದ ಆರಾಮ ಕೊಟ್ಟಿತು ಎಂಬುದನ್ನೂ ಹೇಳಲೇಬೇಕು. ಬೆಲೆ ಗಾದಿಯ ಹಲವು ಪಟ್ಟು. ಬರುವಾಗ ಗಾಳಿ ತೆಗೆದು ಸುತ್ತಿದ ಸಣ್ಣ ಪೆಟ್ಟಿಗೆಯಲ್ಲಿ ಸುಲಭವಾಗಿ ಬರುತ್ತದೆ, ಆದರೆ ಒಮ್ಮೆ ಬಿಚ್ಚಿದ ಮೇಲೆ ಮನೆಯಲ್ಲಿ ಅದನ್ನು ಮತ್ತೆ ಅಷ್ಟು ಚಿಕ್ಕದಾಗಿ ಸುತ್ತಲಾಗದು. ಮನೆ ಬದಲಿಸುವ ಸಾಧ್ಯತೆ ಇರುವವರು ಇದನ್ನು ಗಮನಿಸಬೇಕು.

ಇಷ್ಟನ್ನೂ ಕೋಣೆಯನ್ನು ತಂಪು ಮಾಡುವ ವಿಧಾನದಿಂದ ಬೇರ್ಪಡಿಸಿ ನೋಡಲಾಗದು. ಇಲ್ಲಿನ ಬೇಸಿಗೆ ಒಣ ಬೇಸಿಗೆಯಾದ್ದರಿಂದ, ನೀರು ಆವಿಯಾಗುವಾಗ ಶಾಖ ಹೀರುವ ತತ್ತ್ವದ ಏರ್ ಕೂಲರ್ ಏಪ್ರಿಲ್, ಮೇಯಲ್ಲಿ ಚೆನ್ನಾಗಿ ನಡೆಯುತ್ತದೆ. ಒಂದೂವರೆ ಟನ್ ಎಸಿ ಪೂರ್ತಿ ನಡೆಯುವಾಗ ಸುಮಾರು 1500 ವಾಟ್ ಬೇಡಿದರೆ, ಮನೆ ಬಳಕೆಯ ಕೂಲರ್‌ಗೆ 150ರಿಂದ 200 ವಾಟ್ ಸಾಕು. ಆದರೆ ಕೂಲರ್ ಗಾಳಿಯ ಜೊತೆ ತೇವವನ್ನೂ ತರುತ್ತದೆ. ಕಿಟಕಿ ಮುಚ್ಚಿ ನಡೆಸಿದರೆ ಬೆಳಗಾಗುವಷ್ಟರಲ್ಲಿ ಗಾದಿ ಭಾರವಾಗಿರುತ್ತದೆ, ಕ್ರಮೇಣ ಮುಗ್ಗುಲು ವಾಸನೆ ಹಿಡಿಯುತ್ತದೆ. ಆದ್ದರಿಂದ ಕೂಲರ್ ಮತ್ತು ಗಾದಿ ಜೊತೆಯಾಗಬೇಕಾದರೆ ತೆರೆದ ಕಿಟಕಿಯೂ ಬಿಸಿಲು ಬೀಳುವ ಮಾಳಿಗೆಯೂ ಬೇಕು. ಎಸಿ ಇರುವ ಕೋಣೆಯಲ್ಲಿ ಗಾಳಿ ಒಣಗಿ ತಂಪಾಗಿರುವುದರಿಂದ ಫೋಮಿನ ದೋಷ ಬಹುಮಟ್ಟಿಗೆ ಮರೆಯಾಗುತ್ತದೆ. ಎಸಿ ಹಾಕಿಸಿರುವ ಗೆಳತಿಯೊಬ್ಬಳು ಅದೇ ಬಗೆಯ ಹಾಸಿಗೆಯನ್ನು ಬಹಳ ಮೆಚ್ಚಿಕೊಂಡಿದ್ದಾಳೆ, ಮತ್ತು ಅವಳ ಮಾತು ನ್ಯಾಯವಾದದ್ದೇ.

ಮಂಚದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಳಗೆ ಸಾಮಾನು ಇಡುವ ಪ್ಲೈವುಡ್ ಪೆಟ್ಟಿಗೆಯ ಮಂಚ ಸಣ್ಣ ಮನೆಗೆ ಅನುಕೂಲವೆನಿಸುತ್ತದೆ, ಆದರೆ ಅದು ಹಾಸಿಗೆಯ ತಳಕ್ಕೆ ಗಾಳಿಯನ್ನು ಪೂರ್ತಿ ತಡೆಯುತ್ತದೆ. ನವಾರ ಪಟ್ಟಿಯ ಮಂಚದಲ್ಲಿ ಗಾಳಿ ಧಾರಾಳ, ಆದರೆ ಪಟ್ಟಿ ಸಡಿಲವಾದಂತೆ ಗಾದಿ ನಡುವೆ ಜೋಲುತ್ತದೆ. ಕಬ್ಬಿಣದ ಚೌಕಟ್ಟಿಗೆ ಸಂದು ಬಿಟ್ಟು ಹಲಗೆ ಜೋಡಿಸಿದ ಮಂಚ ಮೂರು ಬಗೆಯ ಹಾಸಿಗೆಗೂ ಒಪ್ಪುತ್ತದೆ. ತಿಜೋರಿ, ಮೇಜು, ಕುರ್ಚಿಗಳನ್ನು ನಿಧಾನವಾಗಿ, ಹಳೆಯವೇ ಸಿಕ್ಕರೂ ಕೊಳ್ಳಬಹುದು. ಬೇರೆಯವರು ಬಳಸಿದ ಹಾಸಿಗೆಯನ್ನು ಮಾತ್ರ ಕೊಳ್ಳಬಾರದು, ಏಕೆಂದರೆ ತಿಗಣೆ ಒಮ್ಮೆ ಮನೆ ಹೊಕ್ಕರೆ ಮಂಚದ ಸಂದುಗಳಿಂದ ಅದನ್ನು ಹೊರಹಾಕುವುದು ಬಹಳ ಕಷ್ಟ.

ಮಾಳಿಗೆ ಬಳಸಲು ಸಿಗುವ, ಕೂಲರ್ ಇಟ್ಟುಕೊಳ್ಳುವ ಮನೆಗೆ ನಾನು ಗಾದಿಯನ್ನೇ ಹೇಳುತ್ತೇನೆ. ಮಾಳಿಗೆ ಇಲ್ಲದಿದ್ದರೆ, ಅಥವಾ ಪಾಳಿಯ ಕೆಲಸದಿಂದ ಹಗಲು ಮಲಗುವವರಾದರೆ ನಾರಿನ ಹಾಸಿಗೆ ತೆಗೆದುಕೊಳ್ಳಲಿ. ಗಾದಿ ಹೊಲಿಸುವವರು ಒತ್ತಾದ ನೇಯ್ಗೆಯ ದಪ್ಪ ಬಟ್ಟೆಯನ್ನೇ ಆರಿಸಿ, ಅದರ ಮೇಲೆ ಜಿಪ್ ಇರುವ, ತೆಗೆದು ಒಗೆಯಬಹುದಾದ ಹತ್ತಿಯ ಹೊರಚೀಲವೊಂದನ್ನು ಅಳತೆ ಕೊಟ್ಟು ಆಗಲೇ ಹೊಲಿಸಿಕೊಳ್ಳಬೇಕು, ಏಕೆಂದರೆ ಗಾದಿಯನ್ನು ಒಣಗಿಸಬಹುದೇ ಹೊರತು ಒಗೆಯಲಾಗುವುದಿಲ್ಲ.