ಕರ್ನಾಟಕ ಭಾರತ್ ಗೌರವ್ ಕಾಶಿ ದರ್ಶನ: ಒಂಟಿಯಾಗಿ ಹೊರಡುವ ಹಿರಿಯರ ದೃಷ್ಟಿಯಿಂದ ಒಂದು ವಿಮರ್ಶೆ

ಕಾಶಿ ದರ್ಶನದ ರೈಲಿನಲ್ಲಿ ಹೋಗಿ ಬಂದವರು ಊಟ ಹೇಗಿತ್ತು, ವಸತಿ ಹೇಗಿತ್ತು, ಸರದಿ ಸಾಲು ಎಷ್ಟು ಉದ್ದವಿತ್ತು ಎಂದು ಬರೆದಿರುವುದನ್ನು ಓದಿದ್ದೇನೆ. ಅವೆಲ್ಲ ತಿಳಿಯಬೇಕಾದ ಸಂಗತಿಗಳೇ. ಆದರೆ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು, ಮಕ್ಕಳು ಪರ ಊರು ಸೇರಿ, ಮನೆಯಲ್ಲಿ ಒಬ್ಬರೇ ಉಳಿದಿರುವ ಹಿರಿಯರು ಈ ಯಾತ್ರೆಗೆ ಹೆಸರು ಕೊಡಬಹುದೇ, ಕೊಟ್ಟರೆ ಅವರಿಗೆ ಅಲ್ಲಿ ಏನು ಸಿಗುತ್ತದೆ ಎಂಬುದನ್ನು ಯಾರೂ ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಬೀರೂರಿನಲ್ಲಿ ಹತ್ತಿ ಹೋಗಿ ಬಂದ ನಿವೃತ್ತ ಶಾಲಾ ಶಿಕ್ಷಕಿಯಾಗಿ, ಯಜಮಾನರನ್ನು ಕಳೆದುಕೊಂಡವಳಾಗಿ, ಅದೊಂದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಯಾತ್ರೆಯ ವಿವರ. ರಾಜ್ಯದ ಮುಜರಾಯಿ ಇಲಾಖೆಯು ರೈಲ್ವೆಯ ಪ್ರವಾಸ ಸಂಸ್ಥೆಯಾದ ಐಆರ್‌ಸಿಟಿಸಿ ಜೊತೆಗೂಡಿ ನಡೆಸುವ ಈ ಯಾತ್ರೆಯ ಮೊದಲ ರೈಲು 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಹೊರಟಿತು. ಆರಂಭದಲ್ಲಿ 20,000 ರೂಪಾಯಿಯ ಪ್ಯಾಕೇಜಿಗೆ ಸರ್ಕಾರ 5,000 ರೂಪಾಯಿ ಸಹಾಯಧನ ಕೊಡುತ್ತಿತ್ತು. ಮುಂದೆ ದರ 22,500ಕ್ಕೆ ಏರಿದಾಗ ಸಹಾಯಧನವೂ 7,500 ರೂಪಾಯಿ ಆದದ್ದರಿಂದ ಯಾತ್ರಿಕರು ಕೈಯಿಂದ ಕೊಡಬೇಕಾದದ್ದು 15,000 ರೂಪಾಯಿಯೇ ಆಗಿ ಉಳಿಯಿತು. ಥರ್ಡ್ ಎ.ಸಿ. ಪ್ರಯಾಣ, ಸಸ್ಯಾಹಾರಿ ಊಟ ತಿಂಡಿ, ತಂಗುವ ವ್ಯವಸ್ಥೆ, ಊರೊಳಗೆ ಸುತ್ತಾಡಲು ಬಸ್ಸು, ಎಲ್ಲವೂ ಇದರಲ್ಲೇ ಸೇರಿವೆ. ಮೊದಲು ಕಾಶಿ, ಅಯೋಧ್ಯೆ, ಪ್ರಯಾಗರಾಜ್ ಮಾತ್ರ ಇದ್ದ ಪಟ್ಟಿಗೆ ನಂತರ ಗಯಾ ಸೇರಿ, ಯಾತ್ರೆ ಒಂಬತ್ತು ದಿನಗಳದ್ದಾಯಿತು. ನಾನು ಹೋದದ್ದು ಈ ದೊಡ್ಡ ಯಾತ್ರೆಗೆ, ಮುಖ್ಯವಾಗಿ ಗಯಾಕ್ಕಾಗಿಯೇ.

ಹೊರಡುವ ಮುನ್ನ ಮನೆಯವರ ಅಭಿಪ್ರಾಯ ಬೇರೆಯೇ ಇತ್ತು. ತಾನು ರಜೆ ಹಾಕಿ ವಿಮಾನದಲ್ಲಿ ಕರೆದುಕೊಂಡು ಹೋಗುತ್ತೇನೆ, ಎರಡೇ ದಿನದಲ್ಲಿ ಎಲ್ಲ ಮುಗಿಸಿ ಬರಬಹುದು ಎಂದು ಮಗ ಪ್ರೀತಿಯಿಂದಲೇ ಹೇಳಿದ. ನಾನು ಒಪ್ಪಲಿಲ್ಲ. ಮಕ್ಕಳ ಜೊತೆ ಹೋದರೆ ಮಕ್ಕಳ ಕಣ್ಣೆದುರು ಧೈರ್ಯವಾಗಿರುವ ಕೆಲಸವೊಂದು ಮೈಮೇಲೆ ಬರುತ್ತದೆ, ಮತ್ತು ಆ ಕೆಲಸವನ್ನು ಮನೆಯಲ್ಲಿ ದಿನವೂ ಮಾಡಿ ನನಗೆ ಸಾಕಾಗಿತ್ತು.

ಥರ್ಡ್ ಎ.ಸಿ. ಬೋಗಿಯ ರಚನೆ ಎಲ್ಲರಿಗೂ ಗೊತ್ತಿರುವಂಥದ್ದು: ಎದುರುಬದುರು ಆರು ಬರ್ತು, ಪಕ್ಕದಲ್ಲಿ ಎರಡು. ಈ ಎಂಟು ಜನ ಬೇಡವೆಂದರೂ ಯಾತ್ರೆ ಮುಗಿಯುವವರೆಗೆ ಒಂದು ಮನೆಯವರಾಗಿ ಬಿಡುತ್ತಾರೆ, ಮತ್ತು ನನ್ನ ಪಾಲಿಗೆ ಈ ಸೇವೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ. ನಮ್ಮ ಎಂಟು ಜನರಲ್ಲಿ ದಾವಣಗೆರೆಯ ದಂಪತಿ ಒಬ್ಬರು, ಬೆಳಗಾವಿಯಲ್ಲಿ ಹತ್ತಿದ ಅಕ್ಕತಂಗಿಯರು ಇಬ್ಬರು. ಉಳಿದ ನಾಲ್ವರೂ ಜೊತೆಗಾರರನ್ನು ಕಳೆದುಕೊಂಡವರು: ತುಮಕೂರಿನ ನಿವೃತ್ತ ಬಸ್ ಕಂಡಕ್ಟರ್, ಹಾವೇರಿ ಕಡೆಯ ಒಕ್ಕಲು ಮನೆತನದ ಒಬ್ಬ ಅಕ್ಕ, ರಾಯಬಾಗದ ನಿವೃತ್ತ ಅಂಗನವಾಡಿ ಕಾರ್ಯಕರ್ತೆ ಮತ್ತು ನಾನು.

ಹಾವೇರಿ ಬರುವವರೆಗೆ ನಮ್ಮಲ್ಲಿ ಯಾರೂ ಆ ವಿಷಯ ಎತ್ತಿರಲಿಲ್ಲ. ಹಾವೇರಿಯ ಅಕ್ಕ ಬಂದು ಕೂತವರು, ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಪೇಪರಿನ ಮೇಲೆ ಹರಡಿ ಎಲ್ಲರಿಗೂ ಕೊಟ್ಟು, ನನ್ನ ಕಡೆ ತಿರುಗಿ ನೇರವಾಗಿ ಕೇಳಿದರು: "ಯಜಮಾನ್ರು ಹೋಗಿ ಎಷ್ಟ್ ದಿನಾ ಆತ್ರಿ?" ನಮ್ಮ ಬೀದಿಯಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳುವುದಿಲ್ಲ. ಮಾತು ಆ ಕಡೆ ತಿರುಗಿದ ಕೂಡಲೇ ಅಡುಗೆ ಏನು ಮಾಡಿದಿರಿ ಎಂದು ಬೇರೆ ಕಡೆಗೆ ಎಳೆಯುತ್ತಾರೆ. ಅವತ್ತು ರಾತ್ರಿ ಮಹಾರಾಷ್ಟ್ರದ ಯಾವುದೋ ಊರು ದಾಟುವವರೆಗೆ ನಾವು ನಾಲ್ವರೂ ಹೋದವರ ಬಗ್ಗೆಯೇ ಮಾತಾಡಿದೆವು. ಅವರ ಸಿಟ್ಟು, ಅವರ ಗೊರಕೆ, ಅವರಿಗೆ ಇಷ್ಟವಾಗುತ್ತಿದ್ದ ಸಾರು ಎಲ್ಲವೂ ಬಂದವು. ಯಾರ ದನಿಯಲ್ಲೂ ಅಯ್ಯೋ ಪಾಪ ಎಂಬ ಧಾಟಿ ಇರಲಿಲ್ಲ. ದುಃಖವನ್ನು ವಿವರಿಸಬೇಕಾಗಿಲ್ಲದವರ ನಡುವೆ ಕೂತು ಮಾತಾಡಿದಾಗ ಎದೆ ಎಷ್ಟು ಹಗುರಾಗುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಅಯೋಧ್ಯೆಯನ್ನು ಬೇಗ ದಾಟುತ್ತೇನೆ. ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ, 2024ರ ಜನವರಿ 22ರಂದು ಪ್ರತಿಷ್ಠಾಪನೆಯಾದ ಬಾಲರಾಮನ ಮುಂದೆ ನಿಂತಾಗ ನಮ್ಮ ನಾಡಿನ ಕಲ್ಲು, ನಮ್ಮ ನಾಡಿನ ಕೈ ಎಂಬ ಹೆಮ್ಮೆ ಎಲ್ಲರಿಗೂ ಆಯಿತು.

ಪ್ರಯಾಗದ ಬಗ್ಗೆ ಮಾತ್ರ ವಿಧವೆಯರಿಗೆ ಮೊದಲೇ ಹೇಳಬೇಕು. ತ್ರಿವೇಣಿ ಸಂಗಮದಲ್ಲಿ ನಮ್ಮ ಕಡೆಯ ದಂಪತಿಗಳು ವೇಣಿದಾನ ಮಾಡುತ್ತಾರೆ. ಗಂಡ ಹೆಂಡತಿಯ ಕೂದಲು ಬಾಚಿ, ಜಡೆ ಹೆಣೆದು, ಹೂ ಮುಡಿಸಿ, ಜಡೆಯ ತುದಿ ಕತ್ತರಿಸಿ ನೀರಿಗೆ ಬಿಡುವ ಈ ವಿಧಿಯಲ್ಲಿ ಮುತ್ತೈದೆಯರಿಗೆ ಮಾತ್ರ ಪಾತ್ರವಿದೆ. ದಾವಣಗೆರೆಯ ಹಿರಿಯರು ನಡುಗುವ ಬೆರಳುಗಳಿಂದ ಹೆಂಡತಿಯ ನರೆತ ಕೂದಲನ್ನು ಮೂರು ಎಳೆ ಮಾಡಲು ಹೋಗಿ, ಒಂದೊಂದು ಸಲ ಒಂದೊಂದು ಎಳೆ ಕೈ ತಪ್ಪಿ, ಆಕೆ ನಗುತ್ತ ಕೂತಿದ್ದುದನ್ನು ನೋಡುವಾಗ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ರಾಯಬಾಗದವರು ಪಕ್ಕಕ್ಕೆ ಸರಿದು ಬಂದು ನನ್ನ ಬೆನ್ನಿನ ಮೇಲೆ ಕೈ ಇಟ್ಟು ಸುಮ್ಮನೆ ಕೂತರು. ಅಷ್ಟರಲ್ಲಿ ದಾವಣಗೆರೆಯ ಆ ತಾಯಿ ವಿಧಿ ಮುಗಿಸಿ ಎದ್ದವರು, ಕುಂಕುಮದ ಬಟ್ಟಲು ಹಿಡಿದು ಮೊದಲು ನನ್ನ ಹತ್ತಿರವೇ ಬಂದರು. ದೋಣಿಯಲ್ಲಿದ್ದ ಯಾರೋ ಏನೋ ಅನ್ನಲು ಹೋದರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿನ ಮದುವೆ ಮನೆಯೊಂದರಲ್ಲಿ ಆರತಿಯ ಹೊತ್ತಿಗೆ ಸ್ವಲ್ಪ ಹಿಂದೆ ನಿಲ್ಲಿ ಎನ್ನಿಸಿಕೊಂಡು ಬಂದವಳು ನಾನು. ಆ ಬಟ್ಟಲಿಗೆ ನಾನು ಎಷ್ಟು ಋಣಿ ಎಂಬುದನ್ನು ಬರೆದು ತಿಳಿಸುವುದು ಕಷ್ಟ.

ಗಯಾದಲ್ಲಿ ಯಜಮಾನರಿಗೆ ನಾನೇ ಪಿಂಡ ಇಟ್ಟೆ. ಹೆಂಗಸರು ಇಡಬಹುದೇ ಎಂದು ನಮ್ಮೂರಿನಲ್ಲಿ ಅನುಮಾನಪಟ್ಟವರಿದ್ದರು. ಅಲ್ಲಿನ ಪುರೋಹಿತರು ಅನುಮಾನವನ್ನೇ ಪಡಲಿಲ್ಲ, ದಶರಥನಿಗೆ ಸೀತಾದೇವಿ ಇದೇ ಫಲ್ಗು ನದಿಯ ಮರಳಿನಲ್ಲಿ ಪಿಂಡ ಇಟ್ಟ ಕಥೆ ಹೇಳಿ ಕೂರಿಸಿದರು. ಸುಳ್ಳು ಸಾಕ್ಷಿ ನುಡಿದ ತಪ್ಪಿಗೆ ಸೀತೆಯ ಶಾಪ ಪಡೆದು ಮರಳಿನಡಿ ಹರಿಯುವ ನದಿ ಅದು ಎಂದು ಪ್ರತೀತಿ. 2022ರಲ್ಲಿ ವಿಷ್ಣುಪಾದ ದೇವಸ್ಥಾನದ ಬಳಿ ರಬ್ಬರ್ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿರುವುದರಿಂದ ಈಗ ತರ್ಪಣಕ್ಕೆ ಮರಳು ತೋಡಬೇಕಾಗಿಲ್ಲ.

ಅಲ್ಲಿನ ಅಕ್ಷಯವಟ ಎಂಬ ಆಲದ ಮರದ ಕೆಳಗೆ, ರೂಢಿಯಂತೆ, ಇಷ್ಟವಾದ ಒಂದು ಹಣ್ಣು, ಒಂದು ತರಕಾರಿ ಬಿಡಬೇಕೆಂದು ಹೇಳಿದರು. ಕಂಡಕ್ಟರ್ ಹಲಸು ಬಿಟ್ಟರು, ನಾನು ಸೀತಾಫಲ ಬಿಟ್ಟೆ. ಹಾವೇರಿಯ ಅಕ್ಕ ಮಾತ್ರ ಕೈಮುಗಿದು, "ಬಿಟ್ಟದ್ದು ಸಾಕಾಗೈತ್ರಿ. ಇನ್ನ ಮಾವಿನಹಣ್ಣೂ ಬಿಡಂಗಿಲ್ಲ ನಾ" ಎಂದರು. ಗಂಡ ತೀರಿಕೊಂಡ ಮೇಲೆ ಅವರು ಹೂ, ಬಣ್ಣದ ಸೀರೆ, ಜಾತ್ರೆ, ತವರಿನ ಹಬ್ಬ ಎಲ್ಲವನ್ನೂ ಒಂದೊಂದಾಗಿ ಬಿಟ್ಟಿದ್ದರೆಂಬುದು ನಮಗೆ ಆ ಹೊತ್ತಿಗೆ ತಿಳಿದಿತ್ತು. ನಾವು ಯಾರೂ ಒತ್ತಾಯ ಮಾಡಲಿಲ್ಲ, ಮತ್ತು ಅವರು ಹೇಳಿದ್ದು ಸರಿ ಎಂದೇ ನಾನು ಈಗಲೂ ನಂಬುತ್ತೇನೆ. ಕಾಶಿಯಲ್ಲಿ ಅವರನ್ನು ಜಂಗಮವಾಡಿ ಮಠಕ್ಕೆ ಕರೆದುಕೊಂಡು ಹೋದೆವು. ಅಗಲಿದವರ ನೆನಪಿಗೆ ಭಕ್ತರು ಶಿವಲಿಂಗ ಅರ್ಪಿಸುವ ಪದ್ಧತಿ ಅಲ್ಲಿದೆ. ಕಟ್ಟೆಯ ಮೇಲೆ, ಗೋಡೆಯ ಪಕ್ಕ, ಎಲ್ಲಿ ನೋಡಿದರೂ ಒತ್ತೊತ್ತಾಗಿ ಲಿಂಗಗಳು. ಗಂಡನ ಹೆಸರಿನಲ್ಲಿ ಲಿಂಗ ಒಪ್ಪಿಸಿ ಹೊರಬಂದವರು, ದಾರಿಯಲ್ಲೇ ಒಂದು ಹಸಿರು ಬನಾರಸಿ ಸೀರೆ ಕೊಂಡರು.

ನನ್ನ ಸಲಹೆಗಳನ್ನೂ ಹೇಳಿಬಿಡುತ್ತೇನೆ. ಮೊಣಕಾಲು ನೋವಿನವರಿಗೆ ನಡುವಿನ ಬರ್ತು, ಮೇಲಿನ ಬರ್ತು ಎರಡೂ ಕಷ್ಟ. ಒಬ್ಬರೇ ಬರುವ ಹಿರಿಯರನ್ನು ಹತ್ತಿರ ಹತ್ತಿರ ಕೂರಿಸುವ ಪದ್ಧತಿಯೊಂದು ಬಂದರೆ, ನಮಗೆ ಅದೃಷ್ಟದಿಂದ ಸಿಕ್ಕಿದ್ದು ಎಲ್ಲರಿಗೂ ಸಿಗುತ್ತದೆ. ಕಾಶಿಗೆ ಇನ್ನೂ ಒಂದು ದಿನ ಇದ್ದರೆ ಚೆನ್ನು. ವಿಶ್ವನಾಥ, ಅನ್ನಪೂರ್ಣೆ, ಗಂಗಾರತಿ ಮುಗಿಸುವಷ್ಟರಲ್ಲಿ ಘಟ್ಟದ ಮೆಟ್ಟಿಲ ಮೇಲೆ ಸುಮ್ಮನೆ ಕೂರುವ ಹೊತ್ತು ಉಳಿಯುವುದಿಲ್ಲ. ಊಟ ಮೆತ್ತಗೆ, ಖಾರ ಕಡಿಮೆ, ವಯಸ್ಸಾದವರಿಗೆ ಹೊಂದುವಂಥದ್ದು. ಬೋಗಿಯೊಂದನ್ನು ದೇವಸ್ಥಾನ ಮಾಡಿರುವುದರಿಂದ ಭಜನೆಗೆಂದು ಹೋಗಿ ಬೇರೆ ಬೋಗಿಯವರ ಪರಿಚಯವೂ ಆಗುತ್ತದೆ.

ಊರಿಗೆ ಬಂದ ಮೇಲೆ ಏನಾಯಿತು ಎಂಬುದೇ ಇಂಥ ಗೆಳೆತನದ ಪರೀಕ್ಷೆ. ನನ್ನ ಮನೆಯ ಗಂಗಾಪೂಜೆಗೆ ಮೂವರೂ ಬಂದರು. ರಾಯಬಾಗದವರು ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದರು. ಹಾವೇರಿಯ ಅಕ್ಕ ಆ ಹಸಿರು ಸೀರೆ ಉಟ್ಟಿದ್ದರು. ಯಾತ್ರೆಯುದ್ದಕ್ಕೂ ಬಸ್ಸು ಹೊರಡುವ ಮೊದಲು ತಲೆ ಎಣಿಸಿ "ಎಲ್ಲಾರೂ ಬಂದ್ರಾ?" ಎಂದು ಕೂಗುತ್ತಿದ್ದ ತುಮಕೂರಿನ ಕಂಡಕ್ಟರ್ ಈಗ ಬೆಳಿಗ್ಗೆ ಫೋನಿನಲ್ಲಿ ನಮ್ಮ ಮೂವರನ್ನೂ ವಿಚಾರಿಸುತ್ತಾರೆ. ಹೆಂಡತಿ ಹೋದ ಮೇಲೆ ತಾನು ಎದ್ದದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂಬುದೇ ಅವರ ದೊಡ್ಡ ಸಂಕಟವಾಗಿತ್ತು. ಅವರು ಒಮ್ಮೊಮ್ಮೆ ರೈಲು ಹತ್ತಿ ಬೀರೂರಿಗೆ ಬಂದು ನಮ್ಮ ಮನೆಯಲ್ಲಿ ಊಟ ಮಾಡಿ ಸಂಜೆಯ ಗಾಡಿಗೆ ಹಿಂದಿರುಗುತ್ತಾರೆ. ಬೀದಿಯಲ್ಲಿ ಅದರ ಬಗ್ಗೆ ಮಾತಾಗಿದೆ ಎಂದು ಗೊತ್ತು. ನನ್ನ ಮಗನಿಗೆ ನಾನೇ ತಿಳಿಸಿದೆ. ಅವನು ಮುಂದಿನ ಸಲ ತಾನೂ ಬಂದು ಅವರನ್ನು ನೋಡಬೇಕೆಂದ. ನಲವತ್ತು ವರ್ಷ ಬಾಳಿದ ಗಂಡನ ಫೋಟೋ ಗೋಡೆಯ ಮೇಲಿರುವ ಅದೇ ಪಡಸಾಲೆಯಲ್ಲಿ ಕೂತು ಅವರು ತಮ್ಮ ಹೆಂಡತಿಯ ಕಥೆ ಹೇಳುತ್ತಾರೆ, ನಾನು ನಮ್ಮವರ ಕಥೆ ಹೇಳುತ್ತೇನೆ. ಇದರಲ್ಲಿ ಯಾರಿಗೂ ದ್ರೋಹವಾಗುವುದಿಲ್ಲ.

ಹೊರಡಬೇಕೆಂದಿರುವವರು ಐಆರ್‌ಸಿಟಿಸಿಯ ಪ್ರವಾಸೋದ್ಯಮ ಜಾಲತಾಣದಲ್ಲಿ ಹೆಸರು ನೋಂದಾಯಿಸಬಹುದು. ದಿನಾಂಕ ಪ್ರಕಟವಾದ ಕೂಡಲೇ ಮಾಡುವುದು ಒಳ್ಳೆಯದು, ಆಗ ಕೆಳಗಿನ ಬರ್ತಿಗೆ ಮೊದಲೇ ಕೇಳಿಕೊಳ್ಳಬಹುದು. ಚಳಿಗಾಲದಲ್ಲಿ ಹೋಗುವುದಾದರೆ ಉಣ್ಣೆಯ ಶಾಲು, ಕಾಲುಚೀಲ ಇರಲಿ. ಗಯಾದಲ್ಲಿ ಕಾರ್ಯ ಮಾಡಿಸುವವರು ಹೋದವರ ಹೆಸರು, ಗೋತ್ರ ಬರೆದಿಟ್ಟುಕೊಂಡಿರಿ. ರಾಮೇಶ್ವರ, ಕನ್ಯಾಕುಮಾರಿಗಳಿಗೆ ಹೋಗುವ ದಕ್ಷಿಣ ಯಾತ್ರೆಯನ್ನೂ ಇದೇ ಯೋಜನೆಯಲ್ಲಿ ನಡೆಸುತ್ತಾರೆ. ಅದರ ಮುಂದಿನ ದಿನಾಂಕಕ್ಕಾಗಿ ನಾವು ನಾಲ್ವರೂ ಕಾಯುತ್ತಿದ್ದೇವೆ, ದಾವಣಗೆರೆಯ ದಂಪತಿಯೂ ಬರುವುದಾಗಿ ಹೇಳಿದ್ದಾರೆ.