ಏಳು ವರ್ಷ, ಒಂದೇ ಫಿಫ್ಟಿ: ಯಕ್ಷಗಾನದ ಆಟದ ಫೋಟೊ ತೆಗೆಯುವವನ ಲೆನ್ಸ್ ವಿಮರ್ಶೆ

ಲೆನ್ಸ್: ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ, ಬಾಯಿಮಾತಿನಲ್ಲಿ 'ಫಿಫ್ಟಿ'. ಕ್ಯಾಮೆರಾ: ಸೆಕೆಂಡ್ ಹ್ಯಾಂಡ್ 700ಡಿ. ಬಳಕೆ: 2018ರ ಡಿಸೆಂಬರ್‌ನಿಂದ, ಹೆಚ್ಚಿನಂಶ ರಾತ್ರಿ, ಹೆಚ್ಚಿನಂಶ ಯಕ್ಷಗಾನ. ಊರು ಹೊಸನಗರದ ಕಡೆ. ಮನೆಯ ಹತ್ತಿರ ಆಟ ಇಲ್ಲದಿದ್ದರೆ ಘಟ್ಟ ಇಳಿದು ಕುಂದಾಪುರಕ್ಕೆ ಹೋಗುವ ಹುಚ್ಚು. ಇಷ್ಟು ಹೇಳಿದರೆ ಈ ವಿಮರ್ಶೆ ಯಾರಿಗೆ ಉಪಯೋಗ ಅಂತ ಗೊತ್ತಾಗುತ್ತದೆ. ಹಕ್ಕಿ ಫೋಟೊದವರು ಇಲ್ಲಿಂದಲೇ ಮುಂದಕ್ಕೆ ಹೋಗಬಹುದು.

ಈ ಲೆನ್ಸ್ ಬರುವ ಮೊದಲು ಒಂದು ವರ್ಷ ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸ್‌ನಲ್ಲೇ ತೆಗೆದೆ. 55ಕ್ಕೆ ಜೂಮ್ ಮಾಡಿದರೆ ಬೆಳಕು ಬರುವ ಅದರ ಬಾಯಿ ಎಫ್/5.6ಕ್ಕಿಂತ ದೊಡ್ಡದಾಗಿ ತೆರೆಯುವುದಿಲ್ಲ (ಎಫ್ ಸಂಖ್ಯೆ ಸಣ್ಣದಾದಷ್ಟೂ ಬಾಯಿ ದೊಡ್ಡದು). ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 6400 ಇಟ್ಟರೂ ಶಟರ್ ಸೆಕೆಂಡಿನ 1/30ಕ್ಕೆ ಇಳಿಯುತ್ತಿತ್ತು. ಧೀಂಗಿಣ (ಗಿರಗಿರನೆ ಸುತ್ತುವ ಕುಣಿತ) ಹಾಕುವ ವೇಷ ಫೋಟೊದಲ್ಲಿ ಕೆಂಪು-ಹಳದಿ ಕಲಸಿದ ಮುದ್ದೆ. ಕ್ಯಾಮೆರಾವೇ ಸರಿಯಿಲ್ಲ ಅಂತ ಹೊಸ 'ಬಾಡಿ' (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಕೊಳ್ಳಲು ದುಡ್ಡು ಕೂಡಿಡುತ್ತಿದ್ದೆ. ಪೇಟೆಯ ಸ್ಟುಡಿಯೊದವರು ಕೇಳಿ ನಕ್ಕರು: "ಬಾಡಿ ತಗೊಂಡು ಏನ್ ಮಾಡ್ತೀರಿ ಮಾರಾಯ್ರೇ, ಒಂದು ಫಿಫ್ಟಿ ತಗೊಳ್ಳಿ." ಎಂಟು ಸಾವಿರ ಚಿಲ್ಲರೆ ಕೊಟ್ಟು ತಂದೆ.

ಲೆಕ್ಕ ಸುಲಭ. ಎಫ್/5.6ಕ್ಕೆ ಹೋಲಿಸಿದರೆ ಎಫ್/1.8ರಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಅದೇ ರಂಗಸ್ಥಳದಲ್ಲಿ, ಅದೇ ಲೈಟಿನಲ್ಲಿ ಈಗ ನನ್ನ ಸೆಟ್ಟಿಂಗ್ ಎಫ್/2.2, 1/100, ಐಎಸ್‌ಒ 3200. ಧೀಂಗಿಣಕ್ಕೆ 1/100 ಸಾಲದು ನಿಜ, ಆದರೆ ಹೆಜ್ಜೆ ನಿಂತು ಕುಳಿತ ಕ್ಷಣಕ್ಕೆ ಸಾಕು. ಆ ಕ್ಷಣ ಯಾವಾಗ ಬರುತ್ತದೆ ಅಂತ ಚಂಡೆಯೇ ಹೇಳುತ್ತದೆ. ಮುಕ್ತಾಯದ ಹೊಡೆತಕ್ಕೆ ಬೆರಳು ಒತ್ತಿದರೆ ಸರಿ, ಕಣ್ಣಲ್ಲಿ ನೋಡಿ ಒತ್ತಲು ಹೋದರೆ ತಡವಾಗಿರುತ್ತದೆ.

ಈ 1/100ರಲ್ಲಿ ಇನ್ನೊಂದು ಗುಟ್ಟಿದೆ. ಈಗಿನ ರಂಗಸ್ಥಳಗಳೆಲ್ಲ ಎಲ್‌ಇಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದಿದ್ದರೂ 1/250 ಇಟ್ಟ ಫೋಟೊದಲ್ಲಿ ಅಡ್ಡ ಅಡ್ಡ ಕಪ್ಪು ಪಟ್ಟೆಗಳಾಗಿ ಬರುತ್ತದೆ. ನಾನು ಎರಡು ತಿಂಗಳು ಲೆನ್ಸನ್ನೇ ಬೈದೆ. ಶಟರ್ 1/100 ಅಥವಾ 1/50ಕ್ಕೆ ಇಳಿಸಿದ ದಿನ ಪಟ್ಟೆ ಹೋಯಿತು.

ಈಗ ಮುಖ್ಯ ವಿಷಯ. ಎಫ್/1.8 ಅಂತ ಡಬ್ಬದ ಮೇಲೆ ಬರೆದಿದೆ ಅಂತ 1.8ರಲ್ಲೇ ತೆಗೆಯಬೇಡಿ. ಇದನ್ನು ಕಲಿತಿದ್ದು ಚೌಕಿಯಲ್ಲಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗದಲ್ಲಿ. ಬಣ್ಣ ಹಚ್ಚಿಕೊಳ್ಳುತ್ತಿದ್ದ ಹಿರಿಯ ಕಲಾವಿದರೊಬ್ಬರು "ಕನ್ನಡಿಗೆ ಅಡ್ಡ ಬರ್ಬೇಡಿ, ಆಚೆ ಕೂತು ಎಷ್ಟು ಬೇಕಾದ್ರೂ ತೆಗೀರಿ" ಅಂತ ಜಾಗ ತೋರಿಸಿದ್ದರು. ಒಂದು ಮೀಟರ್ ದೂರ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚಂದ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಹಣೆಯ ನಾಮದ ಅಂಚು ಕತ್ತಿಯಂತೆ ಚೂಪು, ಕಣ್ಣು ಮಸುಕು. ಈ ಕ್ಯಾಮೆರಾದಲ್ಲಿ ಒಂದು ಮೀಟರಿಗೆ, ಎಫ್/1.8ರಲ್ಲಿ ಫೋಕಸ್ ಇರುವ ಪದರದ ದಪ್ಪ ಮೂರು ಸೆಂಟಿಮೀಟರೂ ಇಲ್ಲ. ಅವರು ಉಸಿರೆಳೆದು ಮುಂದೆ ಬಾಗಿದರೂ ಮುಗಿಯಿತು. ಎಫ್/2.8ಕ್ಕೆ ಬಂದರೆ ಅದು ಸುಮಾರು ನಾಲ್ಕು ಸೆಂಟಿಮೀಟರ್ ಆಗುತ್ತದೆ. ಕಣ್ಣು, ಮೂಗು ಎರಡೂ ಸಿಗುತ್ತವೆ, ಹಿಂದಿನ ಪೆಟ್ಟಿಗೆಗಳ ರಾಶಿ ಆಗಲೂ ಕರಗಿಯೇ ಇರುತ್ತದೆ. ನಡುವಿನ ಪಾಯಿಂಟಿನಲ್ಲಿ ಕಣ್ಣಿಗೆ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸುವ ಅಭ್ಯಾಸವೂ ಇಷ್ಟು ಹತ್ತಿರದಲ್ಲಿ ಕೈಕೊಡುತ್ತದೆ. ಕಣ್ಣಿಗೆ ಹತ್ತಿರ ಇರುವ ಪಾಯಿಂಟನ್ನೇ ಆರಿಸಿ. ವ್ಯೂಫೈಂಡರ್ ನಂಬಲು ಆಗದ ಕತ್ತಲಲ್ಲಿ ಲೈವ್ ವ್ಯೂ (ಹಿಂದಿನ ಪರದೆಯಲ್ಲೇ ನೋಡುವುದು) ಹಾಕಿ ಹತ್ತು ಪಟ್ಟು ಹಿಗ್ಗಿಸಿ ನೋಡುತ್ತೇನೆ. ನಿಧಾನ, ಆದರೆ ಬಣ್ಣ ಹಚ್ಚುವವರೂ ಅವಸರದಲ್ಲಿ ಇರುವುದಿಲ್ಲವಲ್ಲ.

ಫ್ಲ್ಯಾಶ್ ಮಾತ್ರ ಚೌಕಿಯಲ್ಲೂ ಬೇಡ, ರಂಗದ ಎದುರೂ ಬೇಡ. ಕೇಳದೆ ಒಳಗೆ ನುಗ್ಗುವುದಂತೂ ಬೇಡವೇ ಬೇಡ.

ಕೆಂಪು ಬಣ್ಣದ ಬಗ್ಗೆ ಒಂದು ಮಾತು. ಹಿಂದೆ ಕತ್ತಲು ಇದ್ದರೆ ಕ್ಯಾಮೆರಾ ಪಾಪ, ದೃಶ್ಯವೇ ಕಪ್ಪು ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ. ಕೆಂಪು ಕಸೆ ಸೀರೆ ಆಗ ನೆರಿಗೆಯೇ ಇಲ್ಲದ ಕೆಂಪು ಕಾಗದದಂತೆ ಬರುತ್ತದೆ. ಸಾಮಾನ್ಯ ಹಿಸ್ಟೋಗ್ರಾಂ (ಫೋಟೊದಲ್ಲಿ ಕತ್ತಲು-ಬೆಳಕು ಎಷ್ಟೆಷ್ಟು ಅಂತ ತೋರಿಸುವ ನಕ್ಷೆ) ಇದನ್ನು ಮುಚ್ಚಿಡುತ್ತದೆ, ಮೂರು ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ನೋಡಿ. ನಾನು ಶುರುವಿನಲ್ಲೇ ಒಂದು ಸ್ಟಾಪ್ ಇಳಿಸಿ (ಬೆಳಕು ಅರ್ಧಕ್ಕೆ ಮಾಡಿ), ಸೆನ್ಸರಿನ ಮಾಹಿತಿಯನ್ನು ಹಾಗೇ ಇಟ್ಟುಕೊಳ್ಳುವ ರಾ ಫೈಲಿನಲ್ಲಿ ತೆಗೆದು, ನೆರಳನ್ನು ಆಮೇಲೆ ಎತ್ತುತ್ತೇನೆ.

ಕೊರತೆಗಳೂ ಇವೆ. ಎಫ್/1.8ರಲ್ಲಿ ಕಿರೀಟದ ಹೊಳೆಯುವ ಚೂರುಗಳ ಸುತ್ತ ನೇರಳೆ ಅಂಚು ಬರುತ್ತದೆ, 2.8ಕ್ಕೆ ಬಂದರೆ ಬಹಳ ಕಡಿಮೆ. 700ಡಿಯಂಥ ಸಣ್ಣ ಸೆನ್ಸರಿನಲ್ಲಿ 50 ಎಂಎಂ ಅಂದರೆ ದೊಡ್ಡ (ಫುಲ್ ಫ್ರೇಮ್) ಸೆನ್ಸರಿನಲ್ಲಿ 80 ಎಂಎಂ ಕೊಡುವಷ್ಟು ಇಕ್ಕಟ್ಟಿನ ನೋಟ. ದೀಪಾವಳಿಗೆ ಮನೆಯವರನ್ನೆಲ್ಲ ಜಗಲಿಯಲ್ಲಿ ನಿಲ್ಲಿಸಿ ತೆಗೆಯಲು ಹೋದರೆ ನಾನು ಅಂಗಳ ದಾಟಿ ತೋಟಕ್ಕೆ ಇಳಿಯಬೇಕು. ಕೈ ನಡುಕ ಸರಿದೂಗಿಸುವ ಇಮೇಜ್ ಸ್ಟೆಬಿಲೈಸರ್ ಇಲ್ಲ. ವೀಡಿಯೊ ಮಾಡಿದರೆ ಫೋಕಸ್ ಮೋಟಾರಿನ ಸದ್ದು ಸಣ್ಣಗೆ ಕೇಳುತ್ತದೆ. ಫೋಕಸ್ ರಿಂಗ್ ವಿದ್ಯುತ್ತಿನಲ್ಲಿ ಕೆಲಸ ಮಾಡುವಂಥದ್ದು, ಕ್ಯಾಮೆರಾ ಆಫ್ ಆದ ಮೇಲೆ ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ಹತ್ತಿರದ್ದನ್ನು ತೆಗೆದಾಗ ಮುಂದಿನ ಕೊಳವೆ ಹೊರಗೆ ಬಂದಿರುತ್ತದೆ. ಅದು ಹಾಗೇ ಇರುವಾಗ ಬ್ಯಾಗಿಗೆ ತುರುಕಬೇಡಿ, ದೂರದ ಯಾವುದಕ್ಕಾದರೂ ಒಮ್ಮೆ ಫೋಕಸ್ ಮಾಡಿ ಒಳಗೆ ಎಳೆದುಕೊಂಡ ಮೇಲೆ ಆಫ್ ಮಾಡಿ.

ಲೆನ್ಸಿಗೆ ನಾನೇ ಮಾಡಿದ ದ್ರೋಹ 2020ರದ್ದು. ಕೊರೊನಾ ಬಂದು ಆಟಗಳು ನಿಂತವು. ಬ್ಯಾಗು ಅಟ್ಟದ ಮೇಲೆ ಹೋಯಿತು, ಆ ಮಳೆಗಾಲ ಪೂರ್ತಿ ಅಲ್ಲೇ ಕೂತಿತು. ನಮ್ಮಲ್ಲಿ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುತ್ತದೆ, ಗಾಜನ್ನು ಬಿಟ್ಟೀತೇ? ನವರಾತ್ರಿಗೆ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಒಳಗಾಜಿನ ಅಂಚಿನಲ್ಲಿ ಜೇಡನ ಬಲೆಯಂಥ ಬಿಳಿ ಎಳೆಗಳು. ರಿಪೇರಿಯವರು ಬಿಚ್ಚಿ ಒರೆಸಲು ಕೇಳಿದ್ದು ಲೆನ್ಸಿನ ಅರ್ಧ ಬೆಲೆ. ಕೊಟ್ಟೆ. ಆ ಮೇಲೆ ಅಡುಗೆಮನೆಯಿಂದ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಎತ್ತಿಕೊಂಡು ಬಂದೆ. ಅದರಲ್ಲಿ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮೀಟರ್. 40ರಿಂದ 50 ಶೇಕಡಾ ಒಳಗಿದ್ದರೆ ಚಿಂತೆಯಿಲ್ಲ. ಬಣ್ಣ ಬದಲಾದ ಜೆಲ್ ಅನ್ನು ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ತಯಾರು (ಆ ಬಾಣಲೆ ಅಡುಗೆಗೆ ವಾಪಸ್ ಹೋಗಬಾರದು, ಈ ವಿಷಯಕ್ಕೆ ನಮ್ಮ ಮನೆಯಲ್ಲಿ ಒಂದು ಜಗಳ ಆಗಿದೆ). ಚರ್ಮದ ಕವರಿನಲ್ಲಿ ಮಾತ್ರ ಇಡಬೇಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಆ ಮುಂದೆ ಚಾಚುವ ಮೂತಿಗೆ. ಡಿಎಸ್‌ಎಲ್‌ಆರ್ ಇಟ್ಟುಕೊಂಡು ಹೊಸ ಬಾಡಿಯ ಆಲೋಚನೆಯಲ್ಲಿ ಇರುವವರು ಮೊದಲು ಇದನ್ನು ಒಂದು ಸೀಸನ್ ಹಾಕಿ ನೋಡಿ. ನನ್ನ 700ಡಿ ಇನ್ನೂ ಬದಲಾಗಿಲ್ಲ. ಆ ಹಿರಿಯರಿಗೆ ಎರಡನೇ ಸಲ ಎಫ್/2.8ರಲ್ಲಿ ತೆಗೆದ ಫೋಟೊವನ್ನು ಪ್ರಿಂಟ್ ಹಾಕಿಸಿ ಕೊಟ್ಟಿದ್ದೆ. ಹೋದ ವರ್ಷ ಚೌಕಿಗೆ ಹೋದಾಗ ಅದು ಅವರ ವೇಷದ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಕೊಂಡಿತ್ತು, ಒಂದು ಮೂಲೆಗೆ ಕೆಂಪು ಬಣ್ಣ ತಾಗಿಸಿಕೊಂಡು.